ಐದು ತಲೆ, ನಾಲ್ಕು ಪೇಟ

ರಾಜನನ್ನು ಇಳಿಸಲು ಹೊರಟವರಿಗೆ ಪೇಟ ತೊಡಿಸಿದ್ದು ನನ್ನದೇ ಯೋಚನೆ. ಬೇರೆ ಯಾರ ಮೇಲಾದರೂ ಹಾಕೋಣವೆಂದು ಆಸೆಯಿದೆ, ಆದರೆ ಅವತ್ತು ಫೋನ್ ಮಾಡಿದವಳು ನಾನು.

ನಾನು ವಸುಂಧರಾ, ಮೈಸೂರಿನವಳು. ನೈರೋಬಿಯ ರಿವರ್‌ಸೈಡ್‌ನಲ್ಲಿ, ಕಿತ್ತಾಡುವವರನ್ನು ಕರೆತಂದು ಒಂದೇ ಮೇಜಿಗೆ ಕೂರಿಸುವ ಸಂಸ್ಥೆಯೊಂದರಲ್ಲಿ ಕೆಲಸ. ೨೦೧೪ರ ಮಾರ್ಚ್‌ನಲ್ಲಿ, ಇನ್ನೂ ರಾಜನೇ ಆಳುತ್ತಿದ್ದ ಬುಲಾಂಜಾ ಎಂಬ ಪುಟ್ಟ ದೇಶದಿಂದ ಐವರು ಬಂದಿಳಿದರು. ನಾಲ್ವರು ಪಕ್ಷಗಳ ನಾಯಕರು. ಐದನೆಯವರು ಕಾಡಿನಲ್ಲಿ ಬಂದೂಕು ಹಿಡಿದವರ ಮುಖಂಡ. ತಮ್ಮನ್ನು ಜನರಲ್ ಎಂದು ತಾವೇ ನೇಮಿಸಿಕೊಂಡವರು. ಪಕ್ಷದವರು ಹತ್ತು ವರ್ಷ ಜನರಲ್ಲರನ್ನು ಕೊಲೆಗಾರ ಎಂದಿದ್ದರು, ಜನರಲ್ ಅವರನ್ನು ಅರಮನೆಯ ನಾಯಿಗಳು ಎಂದಿದ್ದರು. ಈಗ ರಾಜ ಪಾರ್ಲಿಮೆಂಟಿಗೇ ಬೀಗ ಹಾಕಿದ್ದರಿಂದ ಎಲ್ಲರೂ ಸಹೋದರರಾಗಿದ್ದರು.

ನಮ್ಮ ಆಫೀಸಿನಲ್ಲಿ ಚಹಾ ಕೊಡುವ ಮಾಮಾ ರೋಡಾ ಕೂಡ ಬುಲಾಂಜಾದವರೇ; ಮಾಮಾ ಎಂದರೆ ಅಲ್ಲಿ ಅಮ್ಮ. ಅವರ ಮಗ ರಾಜನ ವಿರುದ್ಧ ಗೋಡೆಗೆ ಪೋಸ್ಟರ್ ಅಂಟಿಸಿ ಸಿಕ್ಕಿಬಿದ್ದು ಮೂರು ವರ್ಷದಿಂದ ಜೈಲಿನಲ್ಲಿದ್ದ. ವಿಚಾರಣೆಯಿಲ್ಲ, ಭೇಟಿಯಿಲ್ಲ. ರಾಜನನ್ನು ಇಳಿಸಲು ಐವರು ಮಾಡಿಕೊಳ್ಳಬೇಕಿದ್ದ ಒಪ್ಪಂದದ ಕರಡಿನಲ್ಲಿ ಒಂಬತ್ತು ಅಂಶಗಳಿದ್ದವು. ಒಂಬತ್ತನೆಯದು ಹೀಗಿತ್ತು: ರಾಜ ಇಳಿದ ದಿನವೇ ರಾಜಕೀಯ ಕೈದಿಗಳೆಲ್ಲರ ಬಿಡುಗಡೆ. ಮಾಮಾ ರೋಡಾ ದಿನಾ ಸಂಜೆ ಕಪ್ಪುಗಳನ್ನು ಎತ್ತುತ್ತಾ ಒಂದೇ ಮಾತು ಕೇಳುತ್ತಿದ್ದರು. "ಒಂಬತ್ತನೇದು ಇದೆಯಾ?"

"ಇದೆ ಮಾಮಾ," ಎನ್ನುತ್ತಿದ್ದೆ.

"ಅಸಾಂಟೆ," ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿ ಟ್ರೇ ಹಿಡಿದು ಹೋಗುತ್ತಿದ್ದರು.

ಮೊದಲ ಎರಡು ದಿನ ಯಾರು ಎಲ್ಲಿ ಕೂರಬೇಕು ಎಂಬುದರಲ್ಲೇ ಕಳೆಯಿತು. ದುಂಡು ಮೇಜು ತರಿಸಿದೆ. ಬಾಗಿಲಿಗೆ ಎದುರಾದ ಕುರ್ಚಿಯೇ ದೊಡ್ಡದೆಂದು ಅದಕ್ಕೂ ಜಗಳ ತೆಗೆದರು. ಮೂರನೆಯ ದಿನ ಮೊದಲನೆಯ ಅಂಶಕ್ಕೆ ಎಲ್ಲರೂ ಮೇಜು ಕುಟ್ಟಿದರು: ಕಿರೀಟ, ಸಿಂಹಾಸನ, ಛತ್ರಿ, ರಾಜತ್ವದ ಸಕಲ ಚಿಹ್ನೆಗಳೂ ರದ್ದು. ಗುರುವಾರ ಸಂಜೆಯ ಹೊತ್ತಿಗೆ ಒಂಬತ್ತೂ ಮುಗಿದು, ಶುಕ್ರವಾರ ಹತ್ತಕ್ಕೆ ಸಹಿ ಎಂದಾಯಿತು.

ಅಷ್ಟಕ್ಕೆ ನಾನು ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ನಾವು ಮೈಸೂರಿನವರು. ಸನ್ಮಾನವಿಲ್ಲದೆ ಒಂದು ಸಭೆ ಮುಗಿಸುವುದು ನಮಗೆ ಗೊತ್ತಿಲ್ಲ. ಐವರಲ್ಲಿ ಹಿರಿಯರಾದ ಡಾಕ್ಟರಿಗೆ ಎಪ್ಪತ್ತೆಂಟು ವರ್ಷ. ಅವರಿಗೊಂದು ಶಾಲು, ಒಂದು ಪೇಟ, ಒಂದು ಹಣ್ಣಿನ ಬುಟ್ಟಿ ಕೊಟ್ಟರೆ ಸಭೆಗೆ ಕಳೆ ಬರುತ್ತದೆ ಎಂದುಕೊಂಡು, ನ್ಗಾರಾದಲ್ಲಿರುವ ಶ್ರೀನಿವಾಸಮೂರ್ತಿಗಳಿಗೆ ಫೋನ್ ಮಾಡಿದೆ. ಅವರು ನಮ್ಮ ಕನ್ನಡ ಕೂಟದ ಅಧ್ಯಕ್ಷರು. ಹದಿನಾರು ವರ್ಷದಿಂದ ಅವರೇ ಅಧ್ಯಕ್ಷರು. ಪ್ರತಿ ವರ್ಷ "ಯಾರಾದ್ರೂ ಯುವಕರು ಮುಂದೆ ಬರ್ಲಿ" ಎನ್ನುತ್ತಾರೆ, ಬಂದವರನ್ನು ಮುಂದಿನ ವರ್ಷ ಅಡುಗೆ ಕಮಿಟಿಗೆ ಹಾಕುತ್ತಾರೆ.

"ಒಳ್ಳೇ ಕೆಲ್ಸ ಮಾಡಿದ್ರಮ್ಮ," ಎಂದರು. "ಅತಿಥಿಗಳನ್ನ ಬರೀ ತಲೇಲಿ ಕಳಿಸೋದುಂಟೆ? ನಾನೇ ಬಂದು ತೊಡಿಸ್ತೀನಿ."

ಶುಕ್ರವಾರ ಸಹಿಗೆ ಮುಂಚೆ ಬಂದರು, ತೊಡಿಸಿದರು. ಜರಿಯಂಚಿನ ಬಿಳಿ ಮೈಸೂರು ಪೇಟ ಡಾಕ್ಟರ ತಲೆಯ ಮೇಲೆ ಕೂತದ್ದೇ ಅವರ ಗೂನು ಬೆನ್ನು ನೆಟ್ಟಗಾಯಿತು. ಫೋನಿನಲ್ಲಿ ತಮ್ಮ ಮುಖ ನೋಡಿಕೊಂಡರು. ಇನ್ನೊಮ್ಮೆ ನೋಡಿಕೊಂಡರು.

ಜನರಲ್ ಪೆನ್ನು ಕೆಳಗಿಟ್ಟರು. "ಇದೇನು?"

"ನಮ್ಮ ಕಡೆ ಗೌರವಕ್ಕೆ ತೊಡಿಸ್ತೀವಿ," ಎಂದೆ. "ರಿಟೈರಾದ ಮೇಷ್ಟ್ರಿಗೂ ಕೊಡ್ತೀವಿ, ಕಬಡ್ಡಿ ಆಡಿದವರಿಗೂ ಕೊಡ್ತೀವಿ."

ಪಕ್ಷದವರೊಬ್ಬರು ಆಗಲೇ ಫೋನಿನಲ್ಲಿ ಹುಡುಕಿ ಎಲ್ಲರಿಗೂ ತೋರಿಸಿದರು: ಅದೇ ಬಗೆಯ ಪೇಟ, ಅದರ ಕೆಳಗೆ ಮೈಸೂರಿನ ಹಳೆಯ ಮಹಾರಾಜರು. ಮೊದಲನೆಯ ಅಂಶ ನನ್ನ ಕಣ್ಣ ಮುಂದೆಯೇ ಬಿದ್ದಿತ್ತು. ಎಲ್ಲರೂ ಎದ್ದು ಹೊರಟೇ ಹೋಗುತ್ತಾರೆ, ನಾನು ಕೆಟ್ಟೆ ಎಂದುಕೊಂಡೆ.

ಜನರಲ್ ಗಂಟಲು ಸರಿಮಾಡಿಕೊಂಡರು. "ನಮಗೆಲ್ಲಿ?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನನ್ನಜ್ಜಿ ಹೇಳುತ್ತಿದ್ದರು. ಪೇಟ ತೆಗೆದಿಡಿ ಎಂದು ಡಾಕ್ಟರನ್ನು ಬೇಡಿದೆ. ಕೊಟ್ಟ ಮರ್ಯಾದೆಯನ್ನು ಕಿತ್ತುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಆಫೀಸಿನ ಕಾರು ಮೂರ್ತಿಗಳನ್ನು ಹತ್ತಿಸಿಕೊಂಡು ನ್ಗಾರಾಕ್ಕೆ ಓಡಿತು. ವೆಸ್ಟ್‌ಲ್ಯಾಂಡ್ಸ್‌ನ ವಾಹನ ಸಾಲಿನಲ್ಲಿ ಒಂದೂವರೆ ಗಂಟೆ ಸಿಕ್ಕಿಕೊಂಡು, ಕೂಟದ ಬೀರುವಿನಲ್ಲಿದ್ದ ರಾಜ್ಯೋತ್ಸವದ ಪೇಟಗಳನ್ನು ತಂದಿತು. ಇದ್ದದ್ದು ಮೂರೇ. ದಾರಿಯಲ್ಲಿ ಮದುವೆ ಅಂಗಡಿಯೊಂದರಿಂದ ಮದುಮಗ ಸುತ್ತಿಕೊಳ್ಳುವ ಕೆಂಪು ಗುಜರಾತಿ ರುಮಾಲು, ಸಾಫಾ, ಕೊಂಡು ತಂದಿದ್ದರು ಮೂರ್ತಿಗಳು. "ಇದು ಪೇಟ ಅಲ್ಲ ಅಂತ ನನಗೂ ಗೊತ್ತು, ಏನ್ಮಾಡ್ಲಿ?" ಎಂದು ನನ್ನ ಮೇಲೆಯೇ ರೇಗಿದರು.

ಜನರಲ್ ಮತ್ತು ಇನ್ನಿಬ್ಬರು ಕಣ್ಣು ಮಿಟುಕಿಸುವುದರೊಳಗೆ ಬಿಳಿಯವನ್ನು ಎತ್ತಿಕೊಂಡರು. ಜನರಲ್ ಮೇಜಿನ ಮೇಲಿದ್ದ ಸ್ಕೇಲಿನಿಂದ ತಮ್ಮ ಜರಿಯಂಚನ್ನೂ ಡಾಕ್ಟರ ಜರಿಯಂಚನ್ನೂ ಅಳೆದರು. ಸಮ ಇತ್ತು, ದೇವರು ದೊಡ್ಡವನು. ಉಳಿದದ್ದು ಐವರಲ್ಲಿ ಅತಿ ಚಿಕ್ಕ ಪಕ್ಷದ ನಾಯಕರಾದ ವಕೀಲರು, ಮತ್ತು ಕೆಂಪು ಸಾಫಾ.

"ನಾನೇನು ಇವರ ಬ್ಯಾಂಡ್ ಬಾರಿಸೋನಾ?" ಎಂದರು ವಕೀಲರು.

ಯಾರಾದರೂ ಒಬ್ಬರು ತೆಗೆದರೆ ಉಳಿದವರೂ ತೆಗೆಯಬಹುದು ಎಂದೆ. ನಾಲ್ಕು ಪೇಟಗಳು ಅಲ್ಲಾಡಲಿಲ್ಲ.

ವಕೀಲರು ಬಹಳ ಹೊತ್ತು ಕಾಗದ ನೋಡಿದರು. "ಸರಿ, ನನಗೆ ಪೇಟ ಬೇಡ. ಬದಲಿಗೆ ಒಂಬತ್ತನೇದರಲ್ಲಿ ಒಂದೆರಡು ಪದ ತಿದ್ದೋಣ. ಬಿಡುಗಡೆ ಮಾಡೋದಕ್ಕೆ ಮುಂಚೆ ಒಂದು ಸಮಿತಿ ಪರಿಶೀಲನೆ ಮಾಡಲಿ."

ಅವರ ಪಕ್ಷದ ನಿಜವಾದ ನಾಯಕ ಜೈಲಿನಲ್ಲಿದ್ದಾನೆ, ಅವನು ಹೊರಬಂದ ದಿನ ಇವರ ಕುರ್ಚಿ ಹೋಗುತ್ತದೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜನರಲ್ ಒಮ್ಮೆ ತಲೆಯೆತ್ತಿದರು. "ನಮ್ಮ ನಾನೂರು ಹುಡುಗರು ಒಳಗಿದ್ದಾರೆ."

"ಹಾಗಾದ್ರೆ ನಿಮ್ಮದನ್ನ ನನಗೆ ಕೊಡಿ," ಎಂದರು ವಕೀಲರು.

ಜನರಲ್ಲರ ಕೈ ನಿಧಾನವಾಗಿ ತಲೆಗೆ ಹೋಯಿತು. ತೆಗೆಯುತ್ತಾರೆ ಎಂದುಕೊಂಡೆ. ಅವರು ಪೇಟವನ್ನು ಕೊಂಚ ಎಡಕ್ಕೆ ಸರಿಮಾಡಿಕೊಂಡು, "ಸಮಿತಿ ಆಗಲಿ," ಎಂದರು.

ಬೇಡ ಎನ್ನಬಹುದಿತ್ತು. ಮಧ್ಯಸ್ಥರು ಬಾಯಿ ಹಾಕಬಾರದೆಂಬ ನಿಯಮವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಪೇಟ ತರಿಸುವಾಗ ಆ ನಿಯಮ ನೆನಪಾಗಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಒಂಬತ್ತನೆಯ ಅಂಶವನ್ನು ನಾನೇ ತಿದ್ದಿ, ಐದು ಪ್ರತಿ ತೆಗೆದು ತಂದೆ. ರಾಜಚಿಹ್ನೆಗಳೆಲ್ಲ ರದ್ದು ಎಂದು ಪೇಟ ಧರಿಸಿದ ನಾಲ್ವರೂ ಬರಿದಲೆಯ ಒಬ್ಬರೂ ಸಹಿ ಹಾಕಿದರು. ಫೋಟೋ ಬಹಳ ಚೆನ್ನಾಗಿ ಬಂತು.

ಸಂಜೆ ಮಾಮಾ ರೋಡಾ ಕಪ್ಪುಗಳನ್ನು ಎತ್ತಲು ಬಂದರು. "ಒಂಬತ್ತನೇದು ಇದೆಯಾ?"

"ಇದೆ ಮಾಮಾ," ಎಂದೆ. ಸುಳ್ಳೇನಲ್ಲ, ಒಂಬತ್ತು ಎಂಬ ಅಂಕಿ ಅಲ್ಲೇ ಇತ್ತು. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು.

ಆರು ತಿಂಗಳಲ್ಲಿ ರಾಜ ಓಡಿಹೋದ. ಅರಮನೆಯ ಮಹಡಿಯಲ್ಲಿ ನಿಂತು ನಾಲ್ಕು ಬಿಳಿ ಪೇಟಗಳು ಜನರತ್ತ ಕೈಬೀಸಿದ್ದನ್ನು ಆಫೀಸಿನ ಟಿವಿಯಲ್ಲಿ ಎಲ್ಲರೂ ನೋಡಿದೆವು. ಮಾಮಾ ರೋಡಾ ಅವತ್ತೇ ಮಗನಿಗೊಂದು ಅಂಗಿ ಕೊಂಡು ತಂದರು. ಕೈದಿಗಳ ಸಮಿತಿಗೆ ಯಾರು ಅಧ್ಯಕ್ಷರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಜೈಲಿಗೆ ಹೊಸದಾಗಿ ಸುಣ್ಣ ಬಳಿಸಿದ್ದಾರಂತೆ. ಆ ಅಂಗಿ ಆಫೀಸಿನ ಅಡುಗೆಕೋಣೆಯ ಬಾಗಿಲ ಹಿಂದೆ, ಪ್ಲಾಸ್ಟಿಕ್ ಕವರಿನಲ್ಲೇ ತೂಗುತ್ತಿದೆ. ಅವರು ಈಗ ನನ್ನನ್ನು ಏನೂ ಕೇಳುವುದಿಲ್ಲ. ಚಹಾ ಇಟ್ಟು ಹೋಗುತ್ತಾರೆ.

ಅಕ್ಟೋಬರ್ ಕೊನೆಯಲ್ಲಿ ಮೂರ್ತಿಗಳ ಫೋನ್ ಬಂತು. "ಒಂದು ದೇಶಕ್ಕೇ ಶಾಂತಿ ತಂದವರು ನಮ್ಮ ಹೆಣ್ಣುಮಗಳು! ರಾಜ್ಯೋತ್ಸವಕ್ಕೆ ನಿಮಗೇ ಸನ್ಮಾನ. ಹೊಸ ಪೇಟ ಮೈಸೂರಿಂದ ತರಿಸಿದೀನಿ, ಬೇಡ ಅನ್ಬೇಡಿ."

ಬೇಡ ಎನ್ನಲೆಂದೇ ಹೋಗಿದ್ದೆ. ವೇದಿಕೆಯ ಮೇಲೆ ಮೂರ್ತಿಗಳು ಎರಡೂ ಕೈಯಲ್ಲಿ ಪೇಟ ಹಿಡಿದು ಬಂದರು, ಇನ್ನೂರು ಜನ ಚಪ್ಪಾಳೆ ತಟ್ಟಿದರು. ನಾನು ತಲೆ ಬಗ್ಗಿಸಿದೆ. ಪೇಟ ಅಳತೆ ತೆಗೆದು ಮಾಡಿಸಿದಷ್ಟು ಸರಿಯಾಗಿ ಕೂತಿತು.