ಅಕ್ಕನಿಗೆ ಸಿಕ್ಕ ಎರಡು ನಿಮಿಷ

ಸಿನಿಮಾದಲ್ಲಿ ನಮ್ಮಮ್ಮ ಅತ್ತಷ್ಟು ಯಾರೂ ಅತ್ತಿಲ್ಲ, ಆದರೆ ಅವಳ ಮುಖವನ್ನು ಯಾರೂ ಕಂಡಿಲ್ಲ. ಸರಿಯಾಗಿ ಮಾತು ಹೇಳಲು ಬಾರದ ನಾಯಕಿಯರಿಗೆ ದನಿ ಕೊಡುವುದು ಅವಳ ಕೆಲಸವಾಗಿತ್ತು. ಕಿಟಕಿಯಿಲ್ಲದ ಡಬ್ಬಿಂಗ್ ಕೋಣೆಯಲ್ಲಿ ನಿಂತು, ಪರದೆಯ ಮೇಲಿನ ತುಟಿಗಳನ್ನೇ ದಿಟ್ಟಿಸುತ್ತ, ಅವು ತೆರೆದಾಗ ಬಾಯಿ ತೆರೆದು ಮುಚ್ಚಿದಾಗ ಮುಚ್ಚಿ, ಕಂಡವರ ಗೋಳನ್ನೆಲ್ಲ ತಾನು ಗೋಳಾಡಿದಳು. ಅವಳ ಹೆಸರು ಮಾತ್ರ ಟೈಟಲ್ಲಿನಲ್ಲಿ ಒಮ್ಮೆಯೂ ಬರಲಿಲ್ಲ. ನಾಯಕಿಯ ದನಿ ಎರವಲು ಎಂದು ಜನಕ್ಕೆ ಗೊತ್ತಾಗುವುದು ನಿರ್ಮಾಪಕರಿಗೆ ಬೇಡವಾಗಿತ್ತು. ಅಮ್ಮ ಅದಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ದಿನ, ನಾನು ದಿಂಬಿನ ಕವರು ಬದಲಿಸುತ್ತಿದ್ದಾಗ, ಹೇಳಿಯೇಬಿಟ್ಟಳು.

"ಒಂದ್ಸಲ ಯಾರಾದ್ರೂ ನಾಲ್ಕು ಜನರ ಎದುರಿಗೆ ನನ್ನ ಹೆಸರು ಹೇಳ್ಬೇಕು ಕಣೇ. ಅಷ್ಟೇ ಆಸೆ."

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿಯೆಂದರೆ, ಹೆಸರು ಹೇಳಿಸುವ ಅಂಗಡಿಯೇ ನಮ್ಮ ಮನೆಯಲ್ಲಿತ್ತು. ನಮ್ಮಕ್ಕ ವರ್ಷಾವರ್ಷ ಪ್ರಶಸ್ತಿ ಹಂಚುವ ಚಲನಚಿತ್ರ ಮತ್ತು ಟೀವಿ ಕಲೆಗಳ ಅಕಾಡೆಮಿಯ ಮುಖ್ಯಸ್ಥೆ. ಟೈಪಿಸ್ಟಾಗಿ ಸೇರಿದವಳು. ತೀರ್ಪುಗಾರರಿಗೆ ಕಾಫಿ ಕೊಟ್ಟು, ಮುನಿಸಿಕೊಂಡ ನಟರನ್ನು ರಮಿಸಿ, ಯಾರ ಪಕ್ಕ ಯಾರನ್ನು ಕೂರಿಸಬಾರದು ಎಂಬ ವಿದ್ಯೆಯಲ್ಲಿ ಪಳಗಿ, ಮೆಲ್ಲಗೆ ಮೇಲಿನ ಕೋಣೆ ಸೇರಿದಳು. ಪ್ರಶಸ್ತಿ ಪಡೆದು ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಿದವರ ಮೇಲೆ ವಾದ್ಯ ಬಾರಿಸಿ ಮೈಕು ಆರಿಸುವ ನಿಯಮ ತಂದವಳೂ ಅವಳೇ. ಒಬ್ಬ ಹಿರಿಯ ನಿರ್ಮಾಪಕ ವೇದಿಕೆ ಬಿಟ್ಟಿಳಿಯದೆ ಟೀವಿಯವರ ಜಾಹೀರಾತುಗಳನ್ನೆಲ್ಲ ನುಂಗಿಹಾಕಿದ ವರ್ಷ ಅದು. ತಾನು ಕುರ್ಚಿಯಲ್ಲಿರುವ ತನಕ ತನ್ನ ಮನೆಯವರಿಗೆ ಯಾವ ಗೌರವವೂ ಸಲ್ಲಕೂಡದು ಎಂದೂ ಅವಳೇ ಬರೆಸಿಟ್ಟಿದ್ದಳು. ಊರೆಲ್ಲ ಅದನ್ನು ಹೊಗಳಿತು. ನಾನು ಹೊಗಳಲಿಲ್ಲ.

"ಕುರ್ಚಿ ಬಿಡು ಹಾಗಾದ್ರೆ," ಎಂದಿದ್ದೆ.

"ಇದೊಂದು ವರ್ಷ ತಡಿ," ಎನ್ನುತ್ತಿದ್ದಳು. ಅವಧಿ ಮುಗಿದಾಗಲೆಲ್ಲ ಸಮಿತಿಯವರು ಇನ್ನೊಂದು ವರ್ಷ ಇರಿ ಎನ್ನುವರು, ಇವಳು ಇರುವಳು.

ಕೊನೆಗೂ ಬಿಟ್ಟಳು. ಬಿಟ್ಟ ಕೂಡಲೇ ಹೊಸ ಸಮಿತಿ ಆ ವರ್ಷದ ಜೀವಮಾನದ ಗೌರವವನ್ನು ಘೋಷಿಸಿತು. ಅಮ್ಮನಿಗಲ್ಲ, ಅಕ್ಕನಿಗೆ. ಸುದ್ದಿ ತಂದು ಮಂಚದ ಬಳಿ ನಿಂತ ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ.

"ಬೇಡ ಅಂದ್ಬಿಡ್ಲಾ ಅಮ್ಮಾ?"

"ಹುಚ್ಚಿ. ಕೊಟ್ಟಿದ್ದನ್ನ ಯಾರಾದ್ರೂ ಬೇಡ ಅಂತಾರಾ?"

"ಸರಿ, ಅಲ್ಲಿ ನಿಂತ್ಕೊಂಡು ನಿನ್ನ ಹೆಸರು ಹೇಳ್ತೀನಿ. ಯಾರ್ಯಾರಿಗೆ ದನಿ ಕೊಟ್ಟೆ ಅಂತ ಎಲ್ಲಾ ಹೇಳ್ತೀನಿ. ಆಣೆಗೂ."

ಅಮ್ಮ ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಸಮಾರಂಭದ ಸಂಜೆ ನನ್ನಿಂದ ತಲೆ ಬಾಚಿಸಿಕೊಂಡಳು. ಮೂಗಿನ ಆಮ್ಲಜನಕದ ಕೊಳವೆ ಅಡ್ಡ ಬರುತ್ತದೆಂದು ಗೊಣಗಿದಳು. ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಟೀವಿಯನ್ನು ಮಂಚದ ಹತ್ತಿರಕ್ಕೆ ಎಳೆದೆ.

ಅಕ್ಕ ವೇದಿಕೆ ಹತ್ತಿದಳು. ಜನ ಎದ್ದು ನಿಂತರು. ಕೈಯಲ್ಲಿ ಚೀಟಿಯಿರಲಿಲ್ಲ, ಎಲ್ಲ ಬಾಯಿಪಾಠ.

"ಮಾನ್ಯ ಅಧ್ಯಕ್ಷರೇ," ಎಂದು ಶುರು ಮಾಡಿದಳು. ಆಮೇಲೆ ಸಮಿತಿಯ ಸದಸ್ಯರು, ಒಬ್ಬೊಬ್ಬರಾಗಿ. ಆಮೇಲೆ ಪ್ರಾಯೋಜಕರು: ಬಣ್ಣದ ಕಂಪನಿ, ಸಿಮೆಂಟಿನ ಕಂಪನಿ, ಪ್ರೆಷರ್ ಕುಕ್ಕರಿನ ಕಂಪನಿ. ಆಮೇಲೆ ಸಭಾಂಗಣ ಕೊಟ್ಟವರು.

"ಅವರನ್ನೆಲ್ಲ ಬಿಡೇ! ಅಮ್ಮನ ಹೆಸರು ಹೇಳೇ ಮೊದ್ಲು!" ಎಂದು ನಾನು ಟೀವಿಗೆ ಕಿರುಚಿದೆ.

ಎಲ್ಲಿ ಬಿಡುತ್ತಾಳೆ? ವಂದನೆಯಲ್ಲಿ ಒಂದು ಹೆಸರು ತಪ್ಪಿದರೆ ಯಾರು ಎಷ್ಟು ದಿನ ಮುಖ ಊದಿಸಿಕೊಳ್ಳುತ್ತಾರೆಂಬುದನ್ನು ಜೀವಮಾನವಿಡೀ ಕಂಡವಳು. ನಾಲಿಗೆ ಆ ಹಳಿ ಬಿಟ್ಟು ಕದಲಲಿಲ್ಲ. ಬೆಳಕಿನ ತಂಡದವರ ಹೆಸರಿಗೆ ಬಂದಾಗ ಎರಡು ನಿಮಿಷ ಮುಗಿದು ಪಿಟೀಲುಗಳು ಮೊಳಗಿದವು. ಅಕ್ಕ ಬೆಚ್ಚಿ ತಲೆಯೆತ್ತಿದಳು. ಮೈಕು ಆರಿತು.

ದನಿ ಹೋದರೂ ಕ್ಯಾಮೆರಾ ಅವಳ ಮುಖದ ಮೇಲೇ ಇತ್ತು, ತುಟಿಗಳು ಆಡುತ್ತಲೇ ಇದ್ದವು. ನನಗೆ ಆಸೆ ಚಿಗುರಿತು.

"ಹೇಳ್ತಿದಾಳೆ ಅಮ್ಮಾ! ನೋಡು, ಏನಂತಿದಾಳೆ?"

ಅಮ್ಮ ದಿಂಬು ಬಿಟ್ಟು ಮುಂದಕ್ಕೆ ಬಾಗಿದ್ದಳು. ಡಬ್ಬಿಂಗ್ ಕೋಣೆಯಲ್ಲಿ ನಿಂತವಳ ಹಾಗೆ, ಅಕ್ಕನ ತುಟಿಗೆ ಸರಿಯಾಗಿ, ಉಸಿರು ಸಿಕ್ಕಷ್ಟು ದನಿಯಲ್ಲಿ ಹೇಳತೊಡಗಿದಳು.

"ಒಂದೇ ನಿಮಿಷ... ದಯವಿಟ್ಟು... ಉಪಾಧ್ಯಕ್ಷರ ಹೆಸರು ಬಿಟ್ಹೋಯ್ತು..."

ಅಷ್ಟರಲ್ಲಿ ಬಟ್ಟೆ ಸೋಪಿನ ಜಾಹೀರಾತು ಬಂತು. ಅಮ್ಮ ದಿಂಬಿಗೆ ಒರಗಿದಳು. ನಾನು ಟೀವಿ ಆರಿಸಿದೆ.

ಬೆಳಿಗ್ಗೆ ಅಕ್ಕ ಬಂದಳು. ಪದಕ ತಂದಿರಲಿಲ್ಲ. ಕಣ್ಣು ಊದಿತ್ತು. ಬಂದವಳೇ ಮಂಚದ ತುದಿಯಲ್ಲಿ ಕುಸಿದಳು.

"ಮೈಕ್ ಆಫ್ ಮಾಡ್ಬಿಟ್ರು ಅಮ್ಮಾ. ಆದ್ರೆ ನಾನು ಬಿಡ್ಲಿಲ್ಲ. ಆಮೇಲೂ ನಿನ್ನ ಹೆಸರು ಹೇಳ್ದೆ. ನಾಲ್ಕು ಜನಕ್ಕೆ ಕೇಳಿಸ್ಲಿಲ್ಲ, ಅಷ್ಟೇ."

ಸುಳ್ಳೆಂದು ಗೊತ್ತಿದ್ದೇ ಹೇಳಿದಳೋ, ರಾತ್ರಿಯೆಲ್ಲ ಹೇಳಿಕೊಂಡು ಅವಳೇ ನಂಬಿದ್ದಳೋ ನನಗೆ ತಿಳಿಯದು. ಸಿಟ್ಟು ನೆತ್ತಿಗೇರಿ ಬಾಯಿ ತೆರೆದೆ. ಅಮ್ಮ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಅಷ್ಟು ಬಲ ಆ ಕೈಯಲ್ಲಿ ಉಳಿದಿದೆಯೆಂದು ನಾನು ಎಣಿಸಿರಲಿಲ್ಲ.

"ನೋಡ್ದೆ ಕಣೇ," ಎಂದಳು ಅಕ್ಕನಿಗೆ. "ಎರಡು ಸಲ ಹೇಳ್ದೆ ನೀನು. ನಂಗೆ ಸಾಕು."

ಅಕ್ಕ ಅವಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ಅಮ್ಮ ಅವಳ ತಲೆ ಸವರುತ್ತ, ನನ್ನ ಕಡೆ ನೋಡದೆ ಹೇಳಿದಳು:

"ನಿನ್ನೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ. ಹೋಗು, ಅಕ್ಕಂಗೆ ಏನಾದ್ರೂ ಮಾಡ್ಕೊಡು."