ಅಂಗಿಯ ಮೂರನೆಯ ಗುಂಡಿ

ಒಂಬತ್ತು ದಿನಗಳಿಂದ ಸಿಚುವಾನಿನ ಮಂಜು ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಹತ್ತನೆಯ ದಿನ ಹವಾಮಾನದವರು, ಮಧ್ಯಾಹ್ನ ಮೂರರ ಮೇಲೆ ಒಂದು ಗಂಟೆ ಕಾಲ ಆಕಾಶ ತಿಳಿಯಾಗಬಹುದು ಅಂದದ್ದೇ ತಡ, ಪೆಂಗ್ ಶೂಹೆಂಗನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಸ ಯುದ್ಧವಿಮಾನದ ಮುಖ್ಯ ವಿನ್ಯಾಸಕ ಅವನು. ಹದಿನಾರು ವರ್ಷ ಅದಕ್ಕೇ ಜೀವ ತೇದಿದ್ದ. ಇವತ್ತು ಅದು ಮೊದಲ ಸಲ ನೆಲ ಬಿಡಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. ಅಷ್ಟೇ, ಇನ್ನೇನೂ ಬೇಡವಾಗಿತ್ತು ಅವನಿಗೆ.

ಹನ್ನೊಂದೂವರೆಗೆ ಕ್ಯಾಂಟೀನಿನಲ್ಲಿ ನೂಡಲ್ಸಿನ ಬಟ್ಟಲು ಮುಂದಿಟ್ಟುಕೊಂಡರೆ ಗಂಟಲಲ್ಲಿ ಇಳಿಯಬೇಕಲ್ಲ! ಮೆಣಸಿನೆಣ್ಣೆ ಎದೆಯ ಮೇಲೆ ಚೆಲ್ಲಿತು. ಒರೆಸಿಕೊಳ್ಳಲು ಕೈ ಹಾಕಿದ. ಕೆಲಸದ ಅಂಗಿಯ ಮೂರನೆಯ ಗುಂಡಿ ಇರಲಿಲ್ಲ, ಕಪ್ಪು ದಾರದ ಎಳೆ ಮಾತ್ರ ಉಳಿದಿತ್ತು.

ನಿನ್ನೆ ಸಂಜೆ ಸಮಾಧಾನ ಸಾಲದೆ ಏಣಿ ಹತ್ತಿ, ಪೈಲಟನ ಆಸನದ ಮೇಲೆ ಬಾಗಿ, ಸ್ವಿಚ್ಚುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ ಬಂದಿದ್ದ. ಹತ್ತುವ ಮುನ್ನ ಜೇಬು ಖಾಲಿ ಮಾಡಿ ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಳಗೆ ಏನನ್ನಾದರೂ ಬೀಳಿಸಿದವರು, ವಿಮಾನ ಹಾರಿ ಇಳಿಯುವವರೆಗೆ ಮೈದಾನಕ್ಕೆ ಕಾಲಿಡಕೂಡದು. ಈ ನಿಯಮ ಮಾಡಿದ ಮಹಾನುಭಾವ ಯಾರು? ಇದೇ ಪೆಂಗ್! ಹೋದ ತಿಂಗಳು ಒಂದು ವಾಷರ್ ಬೀಳಿಸಿದ್ದಕ್ಕೆ, ಎಂಟು ವರ್ಷ ರೆಕ್ಕೆ ಜೋಡಿಸಿದ್ದ ಶುಯೆಯನ್ನು ಹೊರಗಟ್ಟಿದವನೂ ಇವನೇ.

ಮನೆಗೆ ಫೋನು ಹಚ್ಚಿದ.

"ಇಲ್ಲೆಲ್ಲೂ ಬಿದ್ದಿಲ್ಲ ಕಣ್ರೀ, ಬೆಳಿಗ್ಗೆ ತಾನೆ ಗುಡ್ಸಿದೀನಿ," ಅಂದಳು ಹೆಂಡತಿ. "ಮೊನ್ನೆ ಗಟ್ಟಿಯಾಗಿ ಹೊಲಿದುಕೊಟ್ಟಿದ್ದೆ. ಚಿಂತೆ ಹತ್ತಿದ್ರೆ ಸಾಕು, ಗುಂಡಿ ತಿರುವ್ತಾ ಕೂತ್ಕೋತೀರ. ಇದಕ್ಕೆಲ್ಲ ಫೋನ್ ಮಾಡ್ತಾರೇನ್ರೀ? ತಲೆ ಕೆಟ್ಟಿದ್ಯಾ?"

ಹೇಳಿದರೆ ತಾನು ಮೈದಾನದ ಗೋಡೆಯಾಚೆ. ಹೇಳದಿದ್ದರೆ? ಪೈಲಟ್ ಹಿಡಿದು ನಡೆಸುವ ಕೋಲಿನ ಬುಡಕ್ಕೆ ಆ ಗುಂಡಿ ಸಿಕ್ಕಿಕೊಂಡರೆ ವಿಮಾನ ತಿರುಗುವುದಿಲ್ಲ. ಬೇರೆಲ್ಲೋ ಬಿದ್ದಿರಬಹುದು ಎಂದು ತನಗೆ ತಾನೇ ಹೇಳಿಕೊಂಡ. ವಿಮಾನ ನಿಂತಿದ್ದ ಶೆಡ್ಡಿಗೆ ಮೂರು ಸುತ್ತು ಹಾಕಿದ. ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದ. ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆ ಸಿಟ್ಟಿನಲ್ಲೇ ಒಳಗೆ ನುಗ್ಗಿದ.

ಉಪಕರಣಗಳ ಉಸ್ತುವಾರಿ ಟಾಂಗ್ ಅಕ್ಕನದು. ಶುಯೆಯ ಹೆಂಡತಿ ಅವಳು. ಗಂಡನ ಮೈದಾನದ ಪಾಸನ್ನು ಅವನ ಕೈಯಿಂದ ಇಸಿದುಕೊಂಡವಳೂ ಅವಳೇ.

"ಅಕ್ಕಾ, ನನ್ನ ಗುಂಡಿಯೊಂದು ಒಳಗೆ ಬಿದ್ದಿರ್ಬೇಕು."

ಅವಳು ಪುಸ್ತಕ ತೆರೆದು ಬೆರಳಾಡಿಸಿದಳು. "ನಿಮ್ಮ ಹೆಸರೇ ಇಲ್ವಲ್ಲ ಸಾಹೇಬ್ರೆ. ಇದರ ಪ್ರಕಾರ ನೀವು ಹತ್ತೇ ಇಲ್ಲ."

"ಹತ್ತಿದ್ದೆ."

"ಕಳ್ಳರ ಹಾಗೆ?"

"ಹೂಂ. ಕಳ್ಳರ ಹಾಗೆ."

ಅವಳು ಆಳುಗಳನ್ನು ಕೂಗಿದಳು. ಆಸನ ಬಿಚ್ಚಿದರು, ನೆಲದ ಹಲಗೆ ಬಿಚ್ಚಿದರು. ಬೀಜಿಂಗಿನಿಂದ ಬಂದ ದೊಡ್ಡವರು ಚಹಾದ ಮೇಲೆ ಚಹಾ ಕುಡಿಯುತ್ತ ಗಡಿಯಾರ ನೋಡತೊಡಗಿದರು. ಎರಡು ಗಂಟೆಗೆ ಟಾಂಗ್ ಅಕ್ಕ ಇಳಿದು ಬಂದು ಅಂಗೈ ಚಾಚಿದಳು. ಗುಂಡಿ ಕೋಲಿನ ಬುಡದಿಂದ ನಾಲ್ಕು ಬೆರಳು ದೂರದಲ್ಲಿತ್ತಂತೆ.

ಪೈಲಟ್ ಲೈ ಚುನ್ ಅದನ್ನು ಎತ್ತಿಕೊಂಡು ಹೊರಳಿಸಿ ನೋಡಿದ. "ಇದು ಒಳಗಿದ್ರೂ ನಾನು ಹತ್ತಿ ಕೂತ್ಬಿಡ್ತಿದ್ದೆ. ವಿಮಾನ ಹಾರೋಕೆ ಸಿದ್ಧ ಅನ್ನೋ ಕಾಗದದ ಮೇಲೆ ನಿಮ್ಮ ಸಹಿ ಇತ್ತಲ್ಲ," ಅಂದ. ಬೈದಿದ್ದರೆ ಪೆಂಗನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆಸನ ಮತ್ತೆ ಕೂರಿಸಿ, ತಪಾಸಣೆ ಮುಗಿಸುವ ಹೊತ್ತಿಗೆ ಮೂರೂವರೆ. ಮಂಜು ತೆಳುವಾಗಿತ್ತು. ಕಾರ್ಖಾನೆಯ ನಿರ್ದೇಶಕರು ಪೆಂಗನ ಹೆಗಲು ತಟ್ಟಿ, "ಸಿಕ್ತಲ್ಲ, ಬಿಡಿ. ಇವತ್ತೊಂದಿನ ನಿಯಮ ಪಕ್ಕಕ್ಕಿಡೋಣ. ನೀವಿಲ್ದೆ ಹ್ಯಾಗ್ರೀ?" ಅಂದರು.

ಪೆಂಗ್ ಆಸೆಯಿಂದ ಟಾಂಗ್ ಅಕ್ಕನ ಕಡೆ ನೋಡಿದ. ದೇವರಾಣೆಗೂ ಆಸೆಯಿಂದಲೇ ನೋಡಿದ. ಅವಳು ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ.

"ನಮ್ಮನೆಯವ್ರೂ ಹೀಗೇ ನಿಂತಿದ್ರು," ಅಂದಳು. "ನೀವು ತಲೆ ಎತ್ತಿ ಸಹ ನೋಡ್ಲಿಲ್ಲ."

ಪೆಂಗ್ ಕೊರಳಿನಿಂದ ಪಾಸು ತೆಗೆದು ಅವಳ ಮೇಜಿನ ಮೇಲಿಟ್ಟು ಹೊರಟ.

ಗೋಡೆಯಾಚೆ ತರಕಾರಿ ಮಾರುವ ಮುದುಕಿಯೊಬ್ಬಳು ಕೂತಿದ್ದಳು. ಸುಮ್ಮನೆ ನಿಲ್ಲಲು ನೆಪ ಬೇಕಲ್ಲ, ಸಾಸಿವೆ ಸೊಪ್ಪು ಆರಿಸುತ್ತ ನಿಂತ. ಮೈದಾನದಲ್ಲಿ ತೆಳುವಾಗಿದ್ದ ಮಂಜು ಈ ತಗ್ಗಿನಲ್ಲಿ ಇನ್ನೂ ಹರಿದಿರಲಿಲ್ಲ, ಎತ್ತರದ ಗೋಡೆ ಬೇರೆ. ಇದ್ದಕ್ಕಿದ್ದಂತೆ ಎಂಜಿನ್ ಮೊರೆಯಿತು. ಸದ್ದು ಎಡದಿಂದ ಬಲಕ್ಕೆ ಓಡಿತು, ಏರಿತು, ಆಮೇಲೆ ತಲೆಯ ಮೇಲೆಲ್ಲೋ ಹೋಯಿತು. ಪೆಂಗ್ ಕತ್ತೆತ್ತಿದ. ಬರೀ ಬಿಳುಪು.

"ಥೂ, ಇದರ ಮನೆ ಹಾಳಾಗ!" ಮುದುಕಿ ಕಿವಿ ಮುಚ್ಚಿಕೊಂಡಳು. "ಸೊಪ್ಪು ಹಿಂಡ್ತಾ ಇದೀಯಲ್ಲಪ್ಪ, ಕೊಳ್ತೀಯೋ ಇಲ್ವೋ?"

"ಕೊಳ್ತೀನಿ, ಕೊಳ್ತೀನಿ."

ಇಪ್ಪತ್ತು ನಿಮಿಷ. ಅವನು ಒಂದೊಂದೇ ಎಲೆ ಬಿಡಿಸುತ್ತ ನಿಂತ. ಕೊನೆಗೆ ಸದ್ದು ಮರಳಿ ಬಂತು, ತಗ್ಗಿತು, ಟೈರುಗಳು ಕಿರ್ರೆಂದವು, ಎಂಜಿನ್ ನಿಂತಿತು. ಮರುಕ್ಷಣವೇ ಗೋಡೆಯೊಳಗೆ ನಗಾರಿ, ಜಾಗಟೆ, ಪಟಾಕಿ. ನೂರಾರು ಜನ ಒಟ್ಟಿಗೆ ಕೂಗುತ್ತಿದ್ದರು.

"ಯಾರದೋ ಮದುವೆ ಇರ್ಬೇಕು," ಅಂದಳು ಮುದುಕಿ. "ಯಾರದಪ್ಪ, ನಿಂಗೇನಾದ್ರೂ ಗೊತ್ತಾ?"

ಈ ಕೆಲಸದ ಗುಟ್ಟನ್ನು ಹದಿನಾರು ವರ್ಷ ಸ್ವಂತ ಹೆಂಡತಿಗೂ ಬಿಟ್ಟುಕೊಡದವನು ಅವನು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

"ಇಲ್ಲಮ್ಮ," ಅಂದ. "ನಂಗ್ಯಾರೂ ಗೊತ್ತಿಲ್ಲ ಅಲ್ಲಿ."