ಮೊಸಳೆಯ ಕೊನೆಯ ಹಲ್ಲು

ಮೊಸಳೆ ಗಟ್ಟಿಯಾಗಿ ಕಚ್ಚಬೇಕೆಂದು ಹಟ ಹಿಡಿದವಳು ನಾನೇ. ನಾನು ರೂಪಿಸುವ ಪಿನ್‌ಬಾಲ್ ಪರದೆಯ ಮೇಲಿನ ಆಟವಲ್ಲ, ಗಾಜು ಮುಚ್ಚಿದ ಇಳಿಜಾರು ಮೇಜಿನ ಮೇಲೆ ನಿಜವಾದ ಚೆಂಡು ಓಡುವ ಯಂತ್ರ. ಉಕ್ಕಿನ ಚೆಂಡು ಅದರೊಳಗಿನ ಮೊಸಳೆ ಬೊಂಬೆಯ ಬಾಯಿಗೆ ಬಿದ್ದರೆ ಆ ಏಟು ಆಡುವವನ ಅಂಗೈಗೆ ತಾಗಬೇಕು. ಪ್ಲಾಸ್ಟಿಕ್ ದವಡೆ ಬೇಗ ಸೀಳಿಹೋಯಿತು, ಉಕ್ಕಿನದು ಹಾಕಿಸಿದೆ. "ವಾಂಡಾ, ನಿನ್ನ ಮೊಸಳೆ ಒಂದಿನ ಯಾರನ್ನಾದ್ರೂ ನುಂಗಿ ನೀರು ಕುಡಿಯುತ್ತೆ, ನೋಡ್ತಿರು," ಎಂದು ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವ ಟೆರೆಲ್ ಗೇಲಿ ಮಾಡುತ್ತಿದ್ದ.

ಆ ಮಧ್ಯಾಹ್ನ ಷಿಕಾಗೋದ ನಮ್ಮ ಕಾರ್ಖಾನೆಯವರೆಲ್ಲ ಬೀಫ್ ಸ್ಯಾಂಡ್‌ವಿಚ್ ತಿನ್ನಲು ಹೋಗಿದ್ದರು. ನಾನು ಮೇಲಿನ ಗಾಜು ತೆಗೆದು ಯಂತ್ರ ಪರೀಕ್ಷಿಸುತ್ತಿದ್ದೆ. ಚೆಂಡು ಮೊಸಳೆಯ ಗಂಟಲಲ್ಲಿ ಸಿಕ್ಕಿಕೊಂಡಿತು. ಎತ್ತಿ ದೂರದ ಬೆಂಚಿನ ಮೇಲಿಟ್ಟೆ. ಕರೆಂಟ್ ಆರಿಸಲಿಲ್ಲ. ಆರಿಸಿದರೆ ಆಟ ಮೊದಲಿಂದ ಶುರುವಾಗುತ್ತದೆಂದು ನಾವ್ಯಾರೂ ಆರಿಸುವುದಿಲ್ಲ. ಒಳಗಿನ ಸ್ಕ್ರೂ ನೋಡಲು ಬಲಗೈ ಹಾಕಿದೆ. ಸ್ಪ್ರಿಂಗ್ ಜಾರಿ ದವಡೆ ಅರ್ಧ ಮುಚ್ಚಿತು. ಒಂದು ಹಲ್ಲು ನನ್ನ ಉಂಗುರದೊಳಗೆ ಕೊಕ್ಕೆಯಂತೆ ಹೊಕ್ಕಿತು. ಎಷ್ಟು ಎಳೆದರೂ ಕೈ ಬರಲಿಲ್ಲ.

ಚೆಂಡು ಎಲ್ಲೂ ತಾಗದೆ ಸ್ವಲ್ಪ ಹೊತ್ತಾದರೆ, ಅದು ಎಲ್ಲೋ ಸಿಕ್ಕಿಬಿದ್ದಿದೆ ಎಂದುಕೊಂಡು ಯಂತ್ರ ತನ್ನ ಅಂಗಾಂಗವನ್ನೆಲ್ಲ ಒದರಿ ಹುಡುಕುತ್ತದೆ. ಆಗ ಆ ಬಾಯಿಯೂ ಪೂರ್ತಿ ಬಲದಿಂದ ಮುಚ್ಚುತ್ತದೆ. ಕರೆಂಟಿನ ಸ್ವಿಚ್ಚು ಯಂತ್ರದ ಮುಂಭಾಗದ ಅಡಿಯಲ್ಲಿತ್ತು, ಎಟುಕಲಿಲ್ಲ. ಎಡಗೈಗೆ ಎಟುಕಿದ್ದು ಮೊಸಳೆಯ ಮೂತಿಯ ಮುಂದಿನ ಕೆಂಪು ಫಲಕವೊಂದೇ. ಅದನ್ನು ತಟ್ಟಿದೆ. ಚೆಂಡೇ ಬಡಿಯಿತೆಂದು ಯಂತ್ರ ನಂಬಿ ಸುಮ್ಮನಾಯಿತು. ಕೂಗಿದೆ, ಯಾರೂ ಬರಲಿಲ್ಲ. ಮತ್ತೆ ತಟ್ಟಿದೆ, ಮತ್ತೆ ಕೂಗಿದೆ.

ಆಮೇಲೆ ಕಣ್ಣಿಗೆ ಬಿತ್ತು: ತಟ್ಟಿದಾಗಲೆಲ್ಲ ಮೊಸಳೆಯ ಒಂದೊಂದು ಹಲ್ಲಿನ ದೀಪ ಹೊತ್ತಿಕೊಳ್ಳುತ್ತಿತ್ತು. ಎಲ್ಲ ಹಲ್ಲೂ ಬೆಳಗಿದರೆ ಮೊಸಳೆ ಕಚ್ಚಬೇಕು. ಆ ನಿಯಮವೂ ನನ್ನದೇ. ಬಾಕಿ ಉಳಿದದ್ದು ಒಂದೇ ಹಲ್ಲು. ತಟ್ಟಿದರೂ ಬೆರಳು ಹೋಗುತ್ತದೆ, ತಟ್ಟದಿದ್ದರೂ ಹೋಗುತ್ತದೆ. ನನಗೆ ಅಳು ಬಂತು.

ಟೆರೆಲ್ ಸ್ಯಾಂಡ್‌ವಿಚ್ ಅಗಿಯುತ್ತ ಒಳಬಂದ. ದೀಪಗಳನ್ನು ನೋಡಿದ್ದೇ ಅವನ ಮುಖ ಅರಳಿತು.

"ಅಯ್ಯೋ, ಒಂದೇ ಹಲ್ಲು ಬಾಕಿ! ತಡಿ, ನಾನು ಹೊಡೀತೀನಿ," ಎಂದು ಫಲಕದತ್ತ ಬೆರಳು ಚಾಚಿದ.

"ಮುಟ್ಬೇಡ ಕಣೋ! ಆರಿಸು! ಮೊದ್ಲು ಆರಿಸು!"

ನನ್ನ ಮುಖ ನೋಡಿದ, ಆಮೇಲೆ ಕೈ ನೋಡಿದ. ಸ್ಯಾಂಡ್‌ವಿಚ್ ಬಿಸಾಡಿ ಮಂಡಿಯೂರಿ ಅಡಿಯಲ್ಲಿ ತಡಕಾಡಿದ. ದೀಪಗಳೆಲ್ಲ ಒಮ್ಮೆಗೇ ಆರಿದವು.

ಕೈ ಬಿಡಿಸಿದ ಮೇಲೆ ನಾನು ನೆಲದ ಮೇಲೆ ಕೂತೆ. ಅವನು ನಕ್ಕು, "ಸುಮ್ಸುಮ್ನೆ ಹೆದರ್ಕೊಂಡೆ ಮಾರಾಯ್ತಿ. ಚೆಂಡು ಹುಡುಕೋವಾಗ ಬಾಯಿ ಅಲ್ಲಾಡಬಾರದು ಅಂತ ಸೋಮವಾರಾನೇ ಪ್ರೋಗ್ರಾಮಲ್ಲಿ ಬರೆದು ಹಾಕಿದ್ದೀನಿ," ಎಂದ.

"ಹಾಗಾದ್ರೆ ತೋರ್ಸು."

ಅವನು ಕಿವಿಯ ಮೇಲಿದ್ದ ಪೆನ್ಸಿಲನ್ನು ಮೊಸಳೆಯ ಬಾಯಿಗೆ ಇಟ್ಟ. ಯಂತ್ರದ ಸ್ವಿಚ್ಚು ಹಾಕಿ ಆಟ ಶುರು ಮಾಡಿ ಚೆಂಡನ್ನು ಎತ್ತಿಕೊಂಡ. ಇಬ್ಬರೂ ಕಾದೆವು. ಯಂತ್ರ ಹುಡುಕತೊಡಗಿತು. ಅಲ್ಲೊಂದು ಏಟು, ಇಲ್ಲೊಂದು ಏಟು. ಆಮೇಲೆ ಫಟ್ಟೆಂದಿತು. ಪೆನ್ಸಿಲಿನ ಅರ್ಧ ನನ್ನ ಕಾಲ ಬಳಿ ಬಂದು ಬಿತ್ತು.

ಟೆರೆಲ್ ತನ್ನೆರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ.

"ಬೆಳಗ್ಗೆಯಿಂದ ನಾನೇ ಎಷ್ಟು ಸಲ ಅದರೊಳಗೆ ಕೈ ಹಾಕಿದ್ದೀನಿ, ವಾಂಡಾ," ಎಂದ.